ಅಡಿಸನ್ ಕಾಯಿಲೆ: ಮಳೆಗಾಲದಲ್ಲಿ ದಾರಿ ಮುಚ್ಚುವ ಊರಿನಲ್ಲಿರುವವರು ಯಾವ ಸಿದ್ಧತೆ ಮಾಡಿಕೊಂಡಿರಬೇಕು?

ಹೊರನಾಡು ಕಡೆಯ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನನಗೆ ಅಡಿಸನ್ ಕಾಯಿಲೆ ಇರುವುದು ಪತ್ತೆಯಾಯಿತು. ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳನ್ನು ನನ್ನ ದೇಹದ ರೋಗನಿರೋಧಕ ಶಕ್ತಿಯೇ ಹಾಳುಗೆಡವಿದೆ ಎಂದು ಮಂಗಳೂರಿನ ಹಾರ್ಮೋನು ತಜ್ಞರು ವಿವರಿಸಿದರು. ಥೈರಾಯ್ಡ್ ಮಾತ್ರೆಯನ್ನು ಅದಕ್ಕೂ ಮೊದಲಿನಿಂದಲೇ ತೆಗೆದುಕೊಳ್ಳುತ್ತಿದ್ದೆ. ಈಗ ದಿನಕ್ಕೆ ಒಟ್ಟು 20 ಮಿ.ಗ್ರಾಂ. ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು ಬೆಳಿಗ್ಗೆ 10, ಮಧ್ಯಾಹ್ನ 5, ಸಂಜೆ 5 ಎಂದು ವಿಂಗಡಿಸಿ ತೆಗೆದುಕೊಳ್ಳುತ್ತಿದ್ದೇನೆ. ಅದರ ಜೊತೆಗೆ ಬೆಳಿಗ್ಗೆ 100 ಮೈಕ್ರೋಗ್ರಾಂ ಫ್ಲೂಡ್ರೋಕಾರ್ಟಿಸೋನ್ ಇದೆ. ಮೈಬಣ್ಣ ಕಪ್ಪಾಗಿದ್ದುದು ಬಹುಪಾಲು ಮೊದಲಿನಂತಾಗಿದೆ, ತೂಕವೂ ಮರಳಿದೆ, ಶಾಲೆಗೆ ಹೋಗುತ್ತಿದ್ದೇನೆ.

ನನ್ನನ್ನು ಕಾಡುತ್ತಿರುವುದು ಜೂನ್ ನಂತರದ ತಿಂಗಳುಗಳು. ನಮ್ಮ ಮನೆ ಹೊರನಾಡಿನಿಂದ ಒಳಗಿರುವ ಹಳ್ಳಿಯಲ್ಲಿದೆ. ಭದ್ರೆ ತುಂಬಿದಾಗ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹರಿಯುವುದರಿಂದ ಕಳಸಕ್ಕೆ ನೇರವಾಗಿ ಹೋಗಲಾಗುವುದಿಲ್ಲ. ಸುತ್ತುದಾರಿಯಲ್ಲಿ ಎಲ್ಲಿ ಮರ ಬಿದ್ದಿದೆ, ಎಲ್ಲಿ ಧರೆ ಕುಸಿದಿದೆ ಎಂಬುದು ಹೊರಟ ಮೇಲೆಯೇ ತಿಳಿಯುತ್ತದೆ. ವಿದ್ಯುತ್ ಹೋದರೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ. ವಾಂತಿ ಶುರುವಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್ ಆಗಬೇಕು ಎಂದು ತಜ್ಞರು ಎಚ್ಚರಿಸಿದ್ದಾರೆ. ಅಂತಹ ರಾತ್ರಿಯಲ್ಲಿ ಆ ಇಂಜೆಕ್ಷನ್ ಯಾರು ಕೊಡಬೇಕು, ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಇನ್ನೆರಡು ಸಣ್ಣ ಸಂದೇಹಗಳಿವೆ. ಬೆಳಗಿನ ಐದು ಗಂಟೆಗೆ ಎದ್ದು ಮೊದಲ ಮಾತ್ರೆ ತೆಗೆದುಕೊಳ್ಳುವ ನನಗೆ ಹನ್ನೊಂದರ ಹೊತ್ತಿಗೆ ತರಗತಿಯಲ್ಲಿ ನಿಲ್ಲಲಾಗದಷ್ಟು ಸುಸ್ತು ಬರುತ್ತದೆ, ಬಿಸಿಯೂಟದ ನಂತರ ಒಂದೂವರೆಗೆ ಎರಡನೆಯ ಮಾತ್ರೆ ತೆಗೆದುಕೊಂಡ ಮೇಲೆ ಸರಿಹೋಗುತ್ತದೆ. ಆ ಹೊತ್ತಿಗೆ ಇನ್ನೊಂದು ಮಾತ್ರೆ ಹೆಚ್ಚಿಗೆ ತೆಗೆದುಕೊಳ್ಳಬಹುದೇ? ಮತ್ತೊಂದು, ನಮ್ಮ ಅತ್ತೆಯವರ ವಿಷಯ. ಅವರು ಪ್ರೀತಿಯಿಂದಲೇ ಹೇಳುತ್ತಾರೆ: ಸ್ಟಿರಾಯ್ಡ್ ಮಾತ್ರೆ ಮೂಳೆ ತಿನ್ನುತ್ತದೆ, ಏಕಾದಶಿಯ ದಿನವಾದರೂ ಅದನ್ನು ಬಿಟ್ಟು ಎಳನೀರು ಕುಡಿ, ಮೈ ತಂಪಾಗುತ್ತದೆ, ಸುಸ್ತೂ ಹೋಗುತ್ತದೆ ಎಂದು. ಅವರಿಗೆ ನೋವಾಗದಂತೆ ಏನು ಉತ್ತರ ಕೊಡಬೇಕೆಂದು ತೋಚುತ್ತಿಲ್ಲ.

ಅರಸೀಕೆರೆಯ ನಿವೃತ್ತ ನೌಕರ:

ತಂಗಿ, ಎಳನೀರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನಿರುವುದು ತೆಂಗಿನ ಸೀಮೆಯಲ್ಲಿ. ಯಾರಿಗೆ ಏನೇ ಆದರೂ ಇಲ್ಲಿ ಮೊದಲು ಕೈಗೆ ಬರುವುದು ಕೊಚ್ಚಿದ ಎಳನೀರು. ಆದರೆ ನಮ್ಮ ಕಾಯಿಲೆಯಲ್ಲಿ ಆಲ್ಡೋಸ್ಟೆರೋನ್ ಎಂಬ ಹಾರ್ಮೋನು ಇಲ್ಲದಿರುವುದರಿಂದ ಸೋಡಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ಪೊಟ್ಯಾಸಿಯಂ ರಕ್ತದಲ್ಲಿ ಉಳಿದುಕೊಳ್ಳುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ, ಸೋಡಿಯಂ ತೀರ ಕಡಿಮೆ. ಅಂದರೆ ಬೇಕಾದದ್ದು ಅದರಲ್ಲಿಲ್ಲ, ಬೇಡವಾದದ್ದೇ ಇದೆ. ಆ ಹಾರ್ಮೋನಿನ ಬದಲಿಗೆ ತೆಗೆದುಕೊಳ್ಳುವ ಫ್ಲೂಡ್ರೋಕಾರ್ಟಿಸೋನ್ ಸರಿಯಾದ ಪ್ರಮಾಣದಲ್ಲಿ ನಡೆಯುತ್ತಿದ್ದು ರಕ್ತಪರೀಕ್ಷೆ ಸರಿಯಿದ್ದರೆ ಎಂದಾದರೊಮ್ಮೆ ಒಂದು ಕುಡಿದರೆ ತೊಂದರೆಯಿಲ್ಲ ಎಂದು ನನ್ನ ವೈದ್ಯರು ಹೇಳಿದ್ದಾರೆ. ಆದರೆ ಸುಸ್ತಾದಾಗ, ಭೇದಿಯಾದಾಗ ಮದ್ದೆಂದು ಅದನ್ನು ಕುಡಿಯುವುದು ತಪ್ಪು. ಆ ಹೊತ್ತಿಗೆ ಉಪ್ಪು ಹಾಕಿದ ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಓ.ಆರ್.ಎಸ್. ಒಳ್ಳೆಯದು. ಉಪ್ಪು ಕಡಿಮೆ ಮಾಡಿ ಎಂದು ಊರಿಗೆಲ್ಲ ಹೇಳುವ ಸಲಹೆ ನಮಗೆ ಅನ್ವಯಿಸುವುದಿಲ್ಲ. ನಿಮ್ಮ ಮಲೆನಾಡಿನ ಮಿಡಿ ಉಪ್ಪಿನಕಾಯಿ ತಿನ್ನಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಅತ್ತೆಯವರಿಗೆ ಹೀಗೆ ಹೇಳಿ ನೋಡಿ. ಸಂಧಿವಾತಕ್ಕೋ ಉಬ್ಬಸಕ್ಕೋ ಕೊಡುವ ಸ್ಟಿರಾಯ್ಡ್ ದೇಹದಲ್ಲಿ ಈಗಾಗಲೇ ಇರುವುದರ ಮೇಲೆ ಹೆಚ್ಚುವರಿಯಾಗಿ ಸೇರುವಂಥದ್ದು, ಆದ್ದರಿಂದ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ ಎಂಬ ಅವರ ಭಯದಲ್ಲಿ ಹುರುಳಿದೆ. ನಿಮ್ಮ ಮಾತ್ರೆಯಾದರೋ ಅವರ ದೇಹ ತಾನಾಗಿಯೇ ದಿನವೂ ತಯಾರಿಸಿಕೊಳ್ಳುವ, ನಿಮ್ಮ ದೇಹ ತಯಾರಿಸಲಾರದ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಷ್ಟೇ ಪ್ರಮಾಣದಲ್ಲಿ ತುಂಬಿಕೊಡುತ್ತದೆ. ಏಕಾದಶಿಯ ದಿನ ಅವರ ಗ್ರಂಥಿ ಕೆಲಸ ನಿಲ್ಲಿಸುವುದಿಲ್ಲ, ಆದ್ದರಿಂದ ನಿಮ್ಮ ಮಾತ್ರೆಯೂ ನಿಲ್ಲಬಾರದು. ಫಲಾಹಾರ ಮಾಡಿ ಉಪವಾಸ ಇರುವುದಾದರೆ ವೈದ್ಯರನ್ನು ಕೇಳಿ ನಿರ್ಧರಿಸಿ. ನೀರೂ ಇಲ್ಲದ ಉಪವಾಸ ಮಾತ್ರ ಬೇಡವೇ ಬೇಡ.

ಇನ್ನು ಮುಖ್ಯ ಪ್ರಶ್ನೆ. ನನ್ನ ಗ್ರಂಥಿಗಳು ಹಾಳಾಗಿದ್ದು ಕ್ಷಯರೋಗದಿಂದ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದ ಕಾಲದಲ್ಲಿ ಅಲ್ಲಿಯೂ ಕ್ಷಯವೇ ದೊಡ್ಡ ಕಾರಣವಾಗಿತ್ತು, ನಮ್ಮ ದೇಶದಲ್ಲಿ ಇಂದಿಗೂ ಅದು ಮುಖ್ಯ ಕಾರಣಗಳಲ್ಲಿ ಒಂದು. ಕ್ಷಯದ ಚಿಕಿತ್ಸೆಯಲ್ಲಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ರಿಫಾಂಪಿಸಿನ್ ಎಂಬ ಔಷಧಿ ಹೈಡ್ರೋಕಾರ್ಟಿಸೋನನ್ನು ದೇಹದಿಂದ ಬೇಗ ಖಾಲಿ ಮಾಡುತ್ತದೆ, ಆದ್ದರಿಂದ ಆ ತಿಂಗಳುಗಳಲ್ಲಿ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಎರಡೂ ಕಾಯಿಲೆಗಳನ್ನು ಬೇರೆ ಬೇರೆ ವೈದ್ಯರು ನೋಡುತ್ತಿದ್ದರೆ ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವ ಹೊಣೆ ರೋಗಿಯದೇ.

ಒಮ್ಮೆ ಹೊಟ್ಟೆನೋವು, ವಾಂತಿ, ತಲೆಸುತ್ತಿನಿಂದ ಪಕ್ಕದ ಊರಿನ ಒಂದು ದವಾಖಾನೆಗೆ ಹೋಗಿದ್ದೆ. ಅಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು, ಒಂದು ಬಾಟಲಿ ಗ್ಲೂಕೋಸ್ ಏರಿಸಿ ಮನೆಗೆ ಕಳುಹಿಸಿದರು. ರಾತ್ರಿಯ ವೇಳೆಗೆ ನನ್ನ ಮಗ ಹೊತ್ತುಕೊಂಡು ಹಾಸನಕ್ಕೆ ಸೇರಿಸಬೇಕಾಯಿತು. ಇದರಲ್ಲಿ ಆ ವೈದ್ಯರನ್ನು ಬಹಳವಾಗಿ ದೂರುವುದಿಲ್ಲ. ಜೀವಮಾನದಲ್ಲಿ ಒಬ್ಬಿಬ್ಬರು ಇಂತಹ ರೋಗಿಗಳನ್ನು ಕಾಣುವವರಿಗೆ ಥಟ್ಟನೆ ಹೊಳೆಯದು. ಅಂದಿನಿಂದ ಒಂದು ಗಟ್ಟಿ ಕಾಗದದಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕಾಯಿಲೆಯ ಹೆಸರು, ಕೊಡಬೇಕಾದ ಇಂಜೆಕ್ಷನ್, ಅದರ ಪ್ರಮಾಣ, ನನ್ನ ತಜ್ಞರ ದೂರವಾಣಿ ಸಂಖ್ಯೆ ಇಷ್ಟನ್ನೂ ಬರೆಯಿಸಿ, ತಜ್ಞರ ಸಹಿ ಮತ್ತು ಮೊಹರು ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ರೋಗಿ ಬಾಯಿಮಾತಿನಲ್ಲಿ ಹೇಳಿದ್ದಕ್ಕಿಂತ ಮೊಹರು ಹಾಕಿದ ಕಾಗದಕ್ಕೆ ನಮ್ಮಲ್ಲಿ ಬೆಲೆ ಹೆಚ್ಚು.

ಇಂಜೆಕ್ಷನ್ ಮನೆಯಲ್ಲಿಯೇ ಇದೆ. ಅದನ್ನು ಕೊಡಲು ನನ್ನ ಹೆಂಡತಿ, ಮಗ ಇಬ್ಬರೂ ಕಲಿತಿದ್ದಾರೆ. ನಿಮ್ಮ ಊರಿನ ಉಪಕೇಂದ್ರದ ನರ್ಸ್ ಅವರಿಗೂ ಆಶಾ ಕಾರ್ಯಕರ್ತೆಗೂ ಮಳೆ ಹಿಡಿಯುವ ಮೊದಲೇ ಹೋಗಿ ವಿಷಯ ತಿಳಿಸಿ. ಆಶಾ ಕಾರ್ಯಕರ್ತೆ ಇಂಜೆಕ್ಷನ್ ಕೊಡುವವರಲ್ಲ, ಆದರೆ ಯಾವ ಮನೆಯಲ್ಲಿ ಜೀಪಿದೆ, ನರ್ಸ್ ಆ ರಾತ್ರಿ ಎಲ್ಲಿ ಉಳಿದಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಸಕಲೇಶಪುರದ ಔಷಧಿ ಅಂಗಡಿ:

ಪೂರೈಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ಹೈಡ್ರೋಕಾರ್ಟಿಸೋನ್ ಮಾತ್ರೆ ಮತ್ತು ಫ್ಲೂಡ್ರೋಕಾರ್ಟಿಸೋನ್ ಎರಡನ್ನೂ ತಾಲ್ಲೂಕು ಊರುಗಳ ಅಂಗಡಿಗಳು ಸಾಮಾನ್ಯವಾಗಿ ಇಟ್ಟಿರುವುದಿಲ್ಲ, ಕೇಳಿದವರಿಗೆ ಹಾಸನದಿಂದಲೋ ಮಂಗಳೂರಿನಿಂದಲೋ ತರಿಸಿಕೊಡುತ್ತೇವೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಧರೆ ಕುಸಿದರೆ ಮಂಗಳೂರಿನ ಸರಕು ಬರುವುದಿಲ್ಲ. 2019ರ ಆಗಸ್ಟ್ ಮಳೆಯ ನಂತರ ಚಾರ್ಮಾಡಿ ರಸ್ತೆ ಎಷ್ಟು ಕಾಲ ಮುಚ್ಚಿತ್ತು ಎಂಬುದು ನಿಮ್ಮ ಕಡೆಯವರಿಗೆ ನೆನಪಿರಬಹುದು. ಆದ್ದರಿಂದ ಮೇ ತಿಂಗಳಲ್ಲಿಯೇ, ದಿನನಿತ್ಯದ ಬಳಕೆಗೆ ಬೇಕಾದಷ್ಟಲ್ಲದೆ, ಜ್ವರ ಬಂದಾಗ ಎರಡು ಮೂರು ಪಟ್ಟು ತೆಗೆದುಕೊಳ್ಳಲು ಬೇಕಾಗುವಷ್ಟನ್ನೂ ಸೇರಿಸಿ ಚೀಟಿ ಬರೆಯಿಸಿಕೊಳ್ಳಿ.

ಇಂಜೆಕ್ಷನ್ನಿನ ಹೆಸರು ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್, 100 ಮಿ.ಗ್ರಾಂ.; ಹಲವು ಆಸ್ಪತ್ರೆಗಳಲ್ಲಿ ಎಫ್‌ಕಾರ್ಲಿನ್ ಎಂದರೆ ತಿಳಿಯುತ್ತದೆ. ಬೆಲೆ ಹೆಚ್ಚಿಲ್ಲ. ಇದು ಪುಡಿಯ ರೂಪದಲ್ಲಿ ಸಣ್ಣ ಸೀಸೆಯಲ್ಲಿ ಬರುತ್ತದೆ, ಕರಗಿಸುವ ನೀರಿನ ಆಂಪ್ಯೂಲ್, ಸಿರಿಂಜ್, ಸೂಜಿ, ಸ್ಪಿರಿಟ್ ಹತ್ತಿ ಇವನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಎರಡು ಜೊತೆ ತೆಗೆದುಕೊಳ್ಳಿ, ಒಂದು ಮನೆಗೆ, ಒಂದು ಶಾಲೆಯ ಚೀಲಕ್ಕೆ. ನಿಮ್ಮ ಕಡೆಯ ತೇವಕ್ಕೆ ರಟ್ಟಿನ ಪೆಟ್ಟಿಗೆ ಮೆತ್ತಗಾಗಿ ಮೇಲಿನ ದಿನಾಂಕ ಅಳಿಸಿಹೋಗುತ್ತದೆ, ಆದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಅವಧಿ ಮುಗಿಯುವ ತಿಂಗಳನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ.

ಚಿಕ್ಕಮಗಳೂರು ಜಿಲ್ಲೆಯ ಒಬ್ಬ ವೈದ್ಯ:

ನಾನು ಹಾರ್ಮೋನು ತಜ್ಞನಲ್ಲ, ಸಾಮಾನ್ಯ ವೈದ್ಯ. ನಿಮ್ಮ ತಜ್ಞರು ಬರೆದುಕೊಟ್ಟದ್ದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಕಂಡರೆ ಅವರದ್ದನ್ನೇ ಪಾಲಿಸಿ.

ಹನ್ನೊಂದು ಗಂಟೆಯ ಸುಸ್ತಿಗೆ ಕಾರಣ ಬಹುಶಃ ಪ್ರಮಾಣದ ಕೊರತೆಯಲ್ಲ, ಹೊತ್ತಿನ ಹೊಂದಾಣಿಕೆ. ಹೈಡ್ರೋಕಾರ್ಟಿಸೋನ್ ರಕ್ತದಿಂದ ಬೇಗ ಇಳಿದುಹೋಗುವ ಔಷಧಿ. ಐದು ಗಂಟೆಗೆ ತೆಗೆದುಕೊಂಡದ್ದು ಹತ್ತು ಹನ್ನೊಂದರ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ನೀವು ಎರಡನೆಯದಕ್ಕೆ ಒಂದೂವರೆಯವರೆಗೆ ಕಾಯುತ್ತಿದ್ದೀರಿ. ಅದನ್ನು ಹತ್ತೂವರೆಯ ಸುಮಾರಿಗೆ ತಂದು, ಮೂರನೆಯದನ್ನು ಮೂರೂವರೆ ನಾಲ್ಕಕ್ಕೆ ಇಟ್ಟುಕೊಳ್ಳುವ ಬಗ್ಗೆ ತಜ್ಞರನ್ನು ಕೇಳಿ. ಒಟ್ಟು 20 ಮಿ.ಗ್ರಾಂ. ಹಾಗೆಯೇ ಇರುತ್ತದೆ. ಹೆಚ್ಚಿನವರಿಗೆ ದಿನಕ್ಕೆ 15ರಿಂದ 25 ಮಿ.ಗ್ರಾಂ. ಸಾಕಾಗುತ್ತದೆ. ಸುಸ್ತಾದಾಗಲೆಲ್ಲ ಒಂದೊಂದು ಮಾತ್ರೆ ಸೇರಿಸುತ್ತ ಹೋದರೆ ನಿಮ್ಮ ಅತ್ತೆಯವರು ಹೆದರುವ ಮೂಳೆಯ ತೊಂದರೆ ನಿಜವಾಗಿಯೂ ಬರುತ್ತದೆ. ಸಂಜೆ ತಡವಾಗಿ ತೆಗೆದುಕೊಂಡರೆ ನಿದ್ರೆ ಕೆಡುತ್ತದೆ. ಎದ್ದು ನಿಂತಾಗ ತಲೆ ಸುತ್ತುವುದಿದ್ದರೆ ಅದು ಬೇರೆ ವಿಷಯ. ಕುಳಿತಾಗ ಮತ್ತು ನಿಂತಾಗ ಎರಡೂ ಬಾರಿ ಬಿ.ಪಿ. ನೋಡಿಸಿ, ಸೋಡಿಯಂ ಪೊಟ್ಯಾಸಿಯಂ ಪರೀಕ್ಷಿಸಿ ಫ್ಲೂಡ್ರೋಕಾರ್ಟಿಸೋನ್ ಸಾಲುತ್ತಿದೆಯೇ ಎಂದು ತಿಳಿಯಬೇಕಾಗುತ್ತದೆ.

ಕೆಮ್ಮಿಗೆ ಜ್ಯೇಷ್ಠಮಧುವಿನ ಕಷಾಯ ಕುಡಿಯುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಮೂತ್ರಪಿಂಡದಲ್ಲಿ ಕಾರ್ಟಿಸಾಲಿನ ಪರಿಣಾಮವನ್ನು ಅದು ಹೆಚ್ಚಿಸುವುದರಿಂದ ಬಿ.ಪಿ. ಏರಿ ಪೊಟ್ಯಾಸಿಯಂ ಇಳಿಯಬಹುದು, ಆಗ ರಕ್ತಪರೀಕ್ಷೆ ನೋಡಿದವರಿಗೆ ಲೆಕ್ಕ ತಪ್ಪುತ್ತದೆ.

ಜ್ವರದ ನಿಯಮ ಸಾಮಾನ್ಯವಾಗಿ ಹೀಗಿರುತ್ತದೆ. ಜ್ವರ 100.4 ಡಿಗ್ರಿ ದಾಟಿದರೆ ಹೈಡ್ರೋಕಾರ್ಟಿಸೋನಿನ ದಿನದ ಪ್ರಮಾಣವನ್ನು ಎರಡು ಪಟ್ಟು, 102.2 ದಾಟಿದರೆ ಮೂರು ಪಟ್ಟು ಮಾಡಿ, ಜ್ವರ ಇಳಿದ ಮೇಲೆ ಮೊದಲಿನ ಪ್ರಮಾಣಕ್ಕೆ ಮರಳಬೇಕು. ಫ್ಲೂಡ್ರೋಕಾರ್ಟಿಸೋನನ್ನು ಹೆಚ್ಚಿಸುವ ಅಗತ್ಯವಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಮಾತ್ರೆ ಹೆಚ್ಚಿಸಿಕೊಂಡು ಮನೆಯಲ್ಲಿಯೇ ಮಲಗಿರುವುದು ಸರಿಯಲ್ಲ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರಗಳಿವೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಬೇಸಿಗೆಗೆ ಮೊದಲಿನಿಂದಲೇ ಮಂಗನ ಕಾಯಿಲೆಯ ಭಯವಿರುತ್ತದೆ. ಅವುಗಳಲ್ಲಿಯೂ ಬಿ.ಪಿ. ಇಳಿಯಬಹುದು, ಕಾರ್ಟಿಸಾಲ್ ತೀರ ಸಾಲದೆ ಪ್ರಾಣಾಪಾಯ ಒದಗುವ ಅಡ್ರಿನಲ್ ಕ್ರೈಸಿಸ್‌ನಲ್ಲಿಯೂ ಇಳಿಯುತ್ತದೆ. ಎರಡೂ ಒಟ್ಟಿಗೆ ಬಂದಾಗ ಯಾವುದು ಎಷ್ಟು ಎಂದು ಮನೆಯಲ್ಲಿ ನಿರ್ಣಯಿಸಲಾಗದು.

ಈಗ ವಾಂತಿ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ, ಎರಡು ಪಟ್ಟು ತೆಗೆದುಕೊಳ್ಳಿ. ಅದೂ ನಿಲ್ಲದಿದ್ದರೆ ಮೂರನೆಯ ಸಲ ಪ್ರಯತ್ನಿಸಬೇಡಿ, 100 ಮಿ.ಗ್ರಾಂ. ಇಂಜೆಕ್ಷನ್ ಕೊಡಿಸಿ. ನಾನು ಕೇಳಿ ಕಂಡ ಪ್ರಸಂಗಗಳಲ್ಲಿ ಕಾಲ ವ್ಯರ್ಥವಾಗುವುದು ರಸ್ತೆಯಲ್ಲಿ ಅಲ್ಲ. ಇನ್ನೊಂದು ಸ್ವಲ್ಪ ಹೊತ್ತು ನೋಡೋಣ, ಬೆಳಗಾಗಲಿ ಎಂದು ಮನೆಯವರು ಕಾಯುವುದರಲ್ಲಿ. ಕ್ರೈಸಿಸ್ ಆರಂಭವಾದಾಗ ರೋಗಿಗೆ ಮಂಪರು ಕವಿಯುತ್ತದೆ, ಬೇಡ, ಮಲಗಲು ಬಿಡಿ ಎನ್ನುತ್ತಾರೆ. ಆ ಹೊತ್ತಿನ ಅವರ ಮಾತನ್ನು ಒಪ್ಪಬಾರದೆಂದು ಯಜಮಾನರಿಗೆ ಈಗಲೇ ತಿಳಿಸಿಡಿ.

ಇಂಜೆಕ್ಷನ್ ಆದ ಮೇಲೂ ಆಸ್ಪತ್ರೆಗೆ ಹೊರಡಲೇಬೇಕು, ಏಕೆಂದರೆ ಸ್ನಾಯುವಿಗೆ ಕೊಟ್ಟ 100 ಮಿ.ಗ್ರಾಂ. ಸುಮಾರು ಆರು ಗಂಟೆಗಳ ಆಸರೆ ಅಷ್ಟೆ. ದಾರಿ ತೆರೆಯದಿದ್ದರೆ ಅಷ್ಟು ಹೊತ್ತು ಕಳೆದ ಮೇಲೆ ಇನ್ನೊಂದು ಬೇಕಾಗಬಹುದು. ಎರಡು ಸೀಸೆ ಇರಬೇಕೆಂದು ಅಂಗಡಿಯವರು ಹೇಳಿದ್ದು ಈ ಕಾರಣಕ್ಕೂ ಸರಿ. ಎರಡನೆಯದು ಯಾವಾಗ, ಎಷ್ಟು ಎಂಬುದನ್ನು ತಜ್ಞರಿಂದ ಈಗಲೇ ಬರೆಯಿಸಿಕೊಳ್ಳಿ.

ಅರಸೀಕೆರೆಯವರು ಹೇಳಿದ ಗ್ಲೂಕೋಸ್ ಬಾಟಲಿಯ ಬಗ್ಗೆ ಒಂದು ಮಾತು ಸೇರಿಸಬೇಕು. ನಮ್ಮಲ್ಲಿ ಯಾವ ಡ್ರಿಪ್ ಹಾಕಿದರೂ ಗ್ಲೂಕೋಸ್ ಎಂದೇ ಕರೆಯುತ್ತೇವೆ. ಈ ಕಾಯಿಲೆಯಲ್ಲಿ ಬೇಕಾಗಿರುವುದು ನಾರ್ಮಲ್ ಸಲೈನ್, ಅಂದರೆ 0.9 ಶೇಕಡಾ ಉಪ್ಪಿನ ದ್ರವ. ಸಕ್ಕರೆ ಪ್ರಮಾಣ ಇಳಿದಿದ್ದರೆ ಅದರೊಂದಿಗೆ ಡೆಕ್ಸ್‌ಟ್ರೋಸ್ ಸೇರಿಸುತ್ತಾರೆ. ಉಪ್ಪಿಲ್ಲದ ಡೆಕ್ಸ್‌ಟ್ರೋಸ್ ಮಾತ್ರ ಏರಿಸಿದರೆ ಮೊದಲೇ ಕಡಿಮೆಯಿರುವ ಸೋಡಿಯಂ ಇನ್ನಷ್ಟು ಇಳಿಯಬಹುದು. ಇದನ್ನು ಆ ಕಾಗದದಲ್ಲಿ ಎದ್ದು ಕಾಣುವಂತೆ ಬರೆಯಿಸಿ. ಆಸ್ಪತ್ರೆಯಲ್ಲಿ ಹೈಡ್ರೋಕಾರ್ಟಿಸೋನ್ ಇಲ್ಲವೆಂದರೆ ನಿಮ್ಮ ಚೀಲದಲ್ಲಿರುವುದನ್ನೇ ಕೊಡಿ. ಅದೂ ಇಲ್ಲದಿದ್ದರೆ, ಬೇರೆ ದಾರಿಯೇ ಇಲ್ಲದ ಹೊತ್ತಿಗೆ, ಡೆಕ್ಸಾಮೆಥಾಸೋನ್ ಆದರೂ ಏನೂ ಕೊಡದಿರುವುದಕ್ಕಿಂತ ಮೇಲು. ಆದರೆ ಅದಕ್ಕೆ ಉಪ್ಪನ್ನು ಹಿಡಿದಿಡುವ ಗುಣವಿಲ್ಲ.

ಕೊಪ್ಪದ ಅಡಿಕೆ ಬೆಳೆಗಾರ:

ವೈದ್ಯರ ಮಾತಿಗೆ ನನ್ನದೊಂದು ಸಣ್ಣ ತಕರಾರು. ಹೆಚ್ಚುವರಿ ಮಾತ್ರೆ ಬೇಡವೆಂಬುದನ್ನು ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು ಪಾಲಿಸಬಹುದು. ಅಡಿಕೆಯ ಕೊನೆ ಇಳಿಸುವ ದಿನ ಬೆಳಗಿನಿಂದ ಸಂಜೆಯವರೆಗೆ ತೋಟದ ಇಳಿಜಾರಿನಲ್ಲಿ ಹೊರೆ ಹೊತ್ತು ಹತ್ತಿಳಿಯುವ ನನಗೆ ನನ್ನ ತಜ್ಞರೇ 5 ಮಿ.ಗ್ರಾಂ. ಹೆಚ್ಚಿಗೆ ತೆಗೆದುಕೊಳ್ಳಲು ಅನುಮತಿ ಕೊಟ್ಟಿದ್ದಾರೆ. ಮನೆಗೆ ನೆಂಟರು ಬಂದರು, ಬ್ಯಾಂಕಿನವರ ನೋಟಿಸು ಬಂತು ಎಂದು ಮಾತ್ರೆ ಹೆಚ್ಚಿಸುವುದಿಲ್ಲ. ಹಲ್ಲು ಕೀಳಿಸುವ ಮೊದಲು ಮಾತ್ರ ಮರೆಯದೆ ಕೇಳಿ ಹೆಚ್ಚಿಸಿಕೊಳ್ಳುತ್ತೇನೆ, ಆ ದಂತವೈದ್ಯರಿಗೆ ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು?

ಹೊರನಾಡು ಕಡೆಯ ಶಿಕ್ಷಕಿ:

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಮಾತ್ರೆಯ ಹೊತ್ತನ್ನು ಬದಲಾಯಿಸಲು ತಜ್ಞರು ದೂರವಾಣಿಯಲ್ಲಿಯೇ ಒಪ್ಪಿದರು. ಇಂಜೆಕ್ಷನ್ನಿಗೂ ಚೀಟಿ ಕಳುಹಿಸಿದ್ದಾರೆ. ಅತ್ತೆಯವರು ನಿಮ್ಮ ವಿವರಣೆಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಮಾತ್ರೆಯ ವಿಷಯ ಒಪ್ಪಿದ್ದಾರೆ, ಎಳನೀರಿನ ವಿಷಯದಲ್ಲಿ ಇನ್ನೂ ಅರ್ಧ ಮನಸ್ಸು.

ನಮ್ಮ ಯಜಮಾನರಿಗೆ ಸೂಜಿಯೆಂದರೆ ಭಯ. ಅದಕ್ಕಿಂತ ಹೆಚ್ಚಾಗಿ, ಅದು ಬರೀ ಅಜೀರ್ಣದ ವಾಂತಿಯಾಗಿದ್ದು ತಾವು ಸುಮ್ಮನೆ ಇಷ್ಟು ದೊಡ್ಡ ಪ್ರಮಾಣದ ಸ್ಟಿರಾಯ್ಡ್ ಚುಚ್ಚಿಬಿಟ್ಟರೆ ಏನು ಗತಿ ಎಂದು ಕೇಳುತ್ತಿದ್ದಾರೆ. ಇದಕ್ಕೆ ದಯವಿಟ್ಟು ಉತ್ತರಿಸಬೇಕು.

ಚಿಕ್ಕಮಗಳೂರು ಜಿಲ್ಲೆಯ ಒಬ್ಬ ವೈದ್ಯ:

ಅವರ ಪ್ರಶ್ನೆ ಸರಿಯಾದದ್ದೇ. ಅಗತ್ಯವಿಲ್ಲದೆ ಒಮ್ಮೆ 100 ಮಿ.ಗ್ರಾಂ. ಕೊಟ್ಟರೆ ಆ ರಾತ್ರಿ ನಿದ್ರೆ ಕೆಡಬಹುದು, ಸಕ್ಕರೆ ಪ್ರಮಾಣ ಸ್ವಲ್ಪ ಏರಬಹುದು, ಮರುದಿನಕ್ಕೆ ಸರಿಹೋಗುತ್ತದೆ. ಮೂಳೆ ಸವೆಯುವುದು ತಿಂಗಳುಗಟ್ಟಲೆ ಹೆಚ್ಚಿನ ಪ್ರಮಾಣ ತೆಗೆದುಕೊಂಡಾಗ, ಒಂದು ಇಂಜೆಕ್ಷನ್ನಿನಿಂದಲ್ಲ. ಅಗತ್ಯವಿದ್ದಾಗ ಕೊಡದಿದ್ದರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಕೊಡಬೇಕೋ ಬೇಡವೋ ಎಂಬ ಅನುಮಾನ ಬಂದರೆ ಕೊಟ್ಟುಬಿಡಬೇಕು.

ಸೂಜಿಯ ಭಯಕ್ಕೆ ಅಭ್ಯಾಸವೇ ಮದ್ದು. ಉಪಕೇಂದ್ರದ ನರ್ಸ್ ಅವರನ್ನು ಒಂದು ಮಧ್ಯಾಹ್ನ ಮನೆಗೆ ಕರೆದು, ಅವಧಿ ಮುಗಿದ ಸೀಸೆಯೊಂದರ ಪುಡಿಗೆ ನೀರು ಬೆರೆಸಿ ಕರಗಿಸುವುದು, ಸಿರಿಂಜಿಗೆ ಎಳೆಯುವುದು, ತೋಟದ ಕಿತ್ತಳೆ ಹಣ್ಣಿಗೆ ಚುಚ್ಚುವುದು ಇಷ್ಟನ್ನೂ ಅವರ ಕೈಯಿಂದಲೇ ಮಾಡಿಸಿ. ಚುಚ್ಚುವ ಜಾಗ ತೊಡೆಯ ಹೊರಬದಿಯ ನಡುಭಾಗ. ಅಲ್ಲಿ ದೊಡ್ಡ ನರವಾಗಲಿ ರಕ್ತನಾಳವಾಗಲಿ ಅಡ್ಡ ಬರುವ ಸಂಭವ ಕಡಿಮೆ. ಪುಡಿಯನ್ನು ಮೊದಲೇ ಕರಗಿಸಿ ಇಡುವಂತಿಲ್ಲ, ಕೊಡುವ ಹೊತ್ತಿಗೆ ಕರಗಿಸಬೇಕು. ವಿದ್ಯುತ್ ಇಲ್ಲದ ರಾತ್ರಿಯಲ್ಲಿಯೂ ಇದನ್ನು ಮಾಡಬೇಕಾಗುವುದರಿಂದ ಒಮ್ಮೆ ಟಾರ್ಚ್ ಬೆಳಕಿನಲ್ಲಿಯೂ ಅಭ್ಯಾಸ ಮಾಡಲಿ, ಆ ಟಾರ್ಚ್ ಡಬ್ಬಿಯೊಳಗೇ ಇರಲಿ. ಇಂಜೆಕ್ಷನ್ ಕೊಟ್ಟ ಗಂಟೆಯನ್ನು ಕಾಗದದ ಹಿಂಬದಿಯಲ್ಲಿ ಬರೆದು ತರಲು ಹೇಳಿ; ಮುಂದಿನದು ಯಾವಾಗ ಎಂದು ಲೆಕ್ಕಹಾಕಲು ಆಸ್ಪತ್ರೆಯಲ್ಲಿರುವವರಿಗೆ ಅದು ಮೊದಲು ಬೇಕಾಗುತ್ತದೆ.